ಟೀಚರ್ ಕಿವಿ

ಮುಳಬಾಗಿಲಿನ ಒಬ್ಬ ಬಡಗಿ ಎಂಟು ತಿಂಗಳು ಕಷ್ಟಪಟ್ಟು ಮಾಡಿದ ಒಂದು ಜೊತೆ ಸ್ಪೀಕರನ್ನು ನಾನು ಒಂದು ಭಾನುವಾರ ಬೆಳಿಗ್ಗೆ ಎಲ್ಲರೆದುರು ಸರಿಯಿಲ್ಲವೆಂದು ತಳ್ಳಿಹಾಕಿದೆ. ಆಗ ನನಗದು ತಪ್ಪೆನಿಸಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ ಎಂದುಕೊಂಡೆ. ಅದನ್ನೂ ನೋವಾಗದ ಹಾಗೆ ಹೇಳಿದೆನೆಂದು ಒಳಗೊಳಗೇ ನನ್ನನ್ನು ನಾನೇ ಮೆಚ್ಚಿಕೊಂಡೆ. ಈಗ ಆ ಬೆಳಿಗ್ಗೆ ನೆನಪಾದರೆ ಮಾಡುತ್ತಿರುವ ಕೆಲಸ ಬಿಟ್ಟು ಎದ್ದು ನಿಲ್ಲುತ್ತೇನೆ, ಹಿಂದಿನಿಂದ ಯಾರೋ ನೋಡುತ್ತಿದ್ದಾರೇನೋ ಎಂಬಂತೆ.

ನಾನು ಕೋಲಾರದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನದ ಟೀಚರು. ನಿವೃತ್ತಿಗೆ ಇನ್ನು ಮೂರು ವರ್ಷವಿದೆ. ನನಗೆ ಹಾಡಲು ಬರುವುದಿಲ್ಲ, ಯಾವ ವಾದ್ಯವೂ ಬರುವುದಿಲ್ಲ. ಕೇಳುವುದೊಂದು ಗೊತ್ತು. ನಮ್ಮ ನಡುಮನೆಯಲ್ಲಿ ಟಿ.ವಿ. ಇರಬೇಕಾದ ಜಾಗದಲ್ಲಿ ಎರಡು ಎತ್ತರದ ಸ್ಪೀಕರು, ನಡುವೆ ಒಂದು ಆಂಪ್ಲಿಫೈಯರು ಕೂತಿವೆ. ಟಿ.ವಿ. ಊಟದ ಮನೆಗೆ ಹೋಗಿದೆ. ನನ್ನ ಗಂಡ ಕೃಷಿ ಇಲಾಖೆಯಲ್ಲಿದ್ದು ನಿವೃತ್ತರಾದವರು, ಕ್ರಿಕೆಟ್ ಪ್ರಿಯರು. ಊಟದ ಮನೆಯ ಸ್ಟೂಲಿನ ಮೇಲೆ ಕೂತೇ ಪಂದ್ಯ ನೋಡುತ್ತಾರೆ. ಒಂದು ದಿನವೂ ಗೊಣಗಿದವರಲ್ಲ.

ಐದಾರು ವರ್ಷದ ಹಿಂದೆ ಆಂಪ್ಲಿಫೈಯರು ಕೆಟ್ಟಾಗ ಕೋಲಾರದ ಒಂದು ರಿಪೇರಿ ಅಂಗಡಿಯಲ್ಲಿ ನನಗೆ ಯಲ್ದೂರಿನ ಒಬ್ಬ ಮಾವಿನ ತೋಟದ ಯಜಮಾನರ ಪರಿಚಯವಾಯಿತು. ಅವರೂ ತಮ್ಮ ಸ್ಪೀಕರ್ ಪೆಟ್ಟಿಗೆಯನ್ನು ಮಗುವಿನಂತೆ ಎತ್ತಿಕೊಂಡು ಬಂದಿದ್ದರು. ಮಾತಿಗೆ ಮಾತು ಬೆಳೆದು, ಯಾವ ಆಲ್ಬಂ ಇಷ್ಟ, ಅದು ನಿಮ್ಮ ಮನೆಯಲ್ಲಿ ಹೇಗೆ ಕೇಳಿಸುತ್ತದೆ ಎಂಬಲ್ಲಿಗೆ ಬಂತು. ಅವರಿಗೆ ಗೊತ್ತಿದ್ದ ಇನ್ನೊಬ್ಬರು ಮಾಲೂರು ತಾಲ್ಲೂಕಿನ ಮಾಸ್ತಿಯಲ್ಲಿ ಹಾಲಿನ ಡೇರಿಯ ಕಾರ್ಯದರ್ಶಿ. ಮೂವರೂ ಸೇರಿ ತಿಂಗಳಿಗೊಂದು ಭಾನುವಾರ ಒಬ್ಬರ ಮನೆಯಲ್ಲಿ ಕೂಡುವುದೆಂದು ಮಾಡಿಕೊಂಡೆವು. ಪ್ರತಿಯೊಬ್ಬರೂ ತಮಗೆ ಪ್ರಾಣವಾದ ಒಂದು ಆಲ್ಬಂ ತರಬೇಕು. ಅದು ತಮಗೆ ಯಾಕೆ ಇಷ್ಟವೆಂದು ಹೇಳಬೇಕು. ಆಮೇಲೆ ಎಲ್ಲರೂ ಬಾಯಿ ಮುಚ್ಚಿಕೊಂಡು ಕೇಳಬೇಕು. ತೋಟದವರು ನಾದಸ್ವರ ತರುತ್ತಿದ್ದರು. ಡೇರಿಯವರು ಕಾಲೇಜಿನ ದಿನಗಳ ಭಾವಗೀತೆ ಕ್ಯಾಸೆಟ್ಟುಗಳನ್ನು ಸಿ.ಡಿ.ಗೆ ಇಳಿಸಿಕೊಂಡು ತರುತ್ತಿದ್ದರು. ನನ್ನದು ವೀಣೆ, ಕೆಲವೊಮ್ಮೆ ಜಲತರಂಗ.

ಮೊದಲ ವರ್ಷ ಮಾಸ್ತಿಯಲ್ಲಿ ಕೂಡಿದಾಗ ಡೇರಿಯವರ ಮನೆಯಲ್ಲಿ ಹಾಡುವವರ ದನಿ ಎರಡು ಪೆಟ್ಟಿಗೆಗಳ ನಡುವೆ ನಿಲ್ಲುತ್ತಲೇ ಇರಲಿಲ್ಲ, ಎಲ್ಲೋ ಗೋಡೆಗೆ ಅಂಟಿಕೊಂಡ ಹಾಗಿತ್ತು. ನಾನು ಎದ್ದು ಹಿಂದೆ ಹೋಗಿ, ಒಂದು ಸ್ಪೀಕರಿನ ಎರಡು ತಂತಿಗಳನ್ನು ಅದಲುಬದಲು ಮಾಡಿದೆ. ಹಾಡುವವರು ಬಂದು ನಡುಮನೆಯ ಮಧ್ಯದಲ್ಲಿ ಕೂತಂತಾಯಿತು. ಡೇರಿಯವರು ಏಳು ವರ್ಷದಿಂದ ತಂತಿ ಉಲ್ಟಾ ಹಾಕಿಕೊಂಡೇ ಕೇಳುತ್ತಿದ್ದರಂತೆ. ಅವತ್ತಿನಿಂದ ನಮ್ಮಲ್ಲಿ 'ಟೀಚರ್ ಕಿವಿ' ಎಂಬ ಮಾತು ಹುಟ್ಟಿತು. ಯಾರು ಏನು ಕೊಂಡರೂ, ಪೆಟ್ಟಿಗೆಯನ್ನು ಗೋಡೆಯಿಂದ ಒಂದು ಗೇಣು ಸರಿಸಿದರೂ, ಟೀಚರ್ ಕಿವಿಗೆ ತೋರಿಸಬೇಕು ಅನ್ನುತ್ತಿದ್ದರು. ಶಾಲೆಯಲ್ಲಿ ಹೆಡ್‌ಮಾಸ್ತರರು ನನ್ನನ್ನು ಒಂದು ಮಾತೂ ಕೇಳದೆ ಪ್ರಯೋಗಾಲಯದ ಬೀರು ಜಾಗ ಬದಲಿಸುತ್ತಾರೆ. ಇಲ್ಲಿ ಇಬ್ಬರು ದೊಡ್ಡ ಮನುಷ್ಯರು ನಾನು ಏನು ಹೇಳುತ್ತೇನೋ ಎಂದು ನನ್ನ ಮುಖ ನೋಡುತ್ತಿದ್ದರು. ಆ ನೋಟ ನನಗೆ ತುಂಬ ರುಚಿಸಿತು. ಇಲ್ಲವೆಂದರೆ ಸುಳ್ಳಾದೀತು.

ಬಡಗಿ ನಮ್ಮ ಜೊತೆ ಸೇರಿದ್ದು ಆಮೇಲೆ. ತೋಟದವರು ಯಲ್ದೂರಿನಲ್ಲಿ ಹೊಸ ಮನೆ ಕಟ್ಟಿಸುತ್ತಿದ್ದಾಗ ಬಾಗಿಲು ಕಿಟಕಿಗೆಂದು ಮುಳಬಾಗಿಲಿನಿಂದ ಅವರನ್ನು ಕರೆಸಿದ್ದರು. ಹಳೇ ಮನೆಯಲ್ಲಿ ನಾದಸ್ವರ ಹಾಕಿದಾಗ ಇವರು ಉಳಿ ಕೆಳಗಿಟ್ಟು ಬಂದು ಹೊಸಿಲ ಹೊರಗೆ ನಿಂತು ಪೂರ್ತಿ ಕೇಳಿದರಂತೆ. ತಾತನ ಕಾಲದಿಂದ ಮರಗೆಲಸದ ಮನೆತನ, ಮನೆಮಾತು ದಖನಿ ಉರ್ದು. ನಾನು ಅವರನ್ನು ಸಾಹೇಬರೇ ಎನ್ನುತ್ತಿದ್ದೆ, ತೋಟದವರು ಭಾಯ್ ಎನ್ನುತ್ತಿದ್ದರು. ಮದುವೆ ಹಾಲುಗಳಿಗೆ ದೊಡ್ಡ ದೊಡ್ಡ ಸ್ಪೀಕರ್ ಡಬ್ಬಗಳನ್ನು ಮಾಡಿಕೊಟ್ಟ ಅನುಭವ ಅವರಿಗಿತ್ತು. ಒಮ್ಮೆ ಅಂಥ ಹಾಲಿನಲ್ಲಿ, ಜನ ಬರುವ ಮುಂಚೆ, ಮೈಕಿನವರು ಪರೀಕ್ಷೆಗೆಂದು ಹಾಕಿದ ಸಂತೂರ್ ಕೇಳಿ ಹುಚ್ಚು ಹಿಡಿಯಿತಂತೆ. ಆ ಆಲ್ಬಂ ಯಾವುದೆಂದು ಹುಡುಕಲು ಎರಡು ವರ್ಷ ಬೇಕಾಯಿತು ಎಂದು ನಗುತ್ತ ಹೇಳಿದ್ದರು. ನಮ್ಮ ಕೂಟಕ್ಕೆ ಅವರು ಮೊದಲು ತಂದ ಆಲ್ಬಂ ಅದೇ.

ಮೂರು ಮನೆಗಳ ಸ್ಪೀಕರುಗಳನ್ನೂ ಕೇಳಿದ ಮೇಲೆ ಅವರು ತಾವೇ ಒಂದು ಜೊತೆ ಮಾಡುವುದೆಂದು ಹೊರಟರು. ದೇವರಾಯಸಮುದ್ರದಲ್ಲಿ ಒಂದು ಹಳೇ ಮನೆ ಕೆಡವಿದಾಗ ಸಿಕ್ಕ ತೇಗದ ಬಾಗಿಲುಗಳನ್ನು ಸೀಳಿ, ಕೊರೆದು, ಒಳಗೆ ಪ್ಲೈವುಡ್ ಕೊಟ್ಟು, ಮೇಲೆ ಆ ತೇಗ ಹೊದಿಸಿದರು. ವೂಫರ್, ಟ್ವೀಟರ್ ಎಲ್ಲ ಬೆಂಗಳೂರಿನಿಂದ ತಂದರು. ವೂಫರ್ ಅಂದರೆ ಕೆಳಗಿನ ದೊಡ್ಡ ಸ್ಪೀಕರು, ಟ್ವೀಟರ್ ಅಂದರೆ ಮೇಲಿನ ಸಣ್ಣದು. ತಾಳ, ಗೆಜ್ಜೆ, ತಂತಿಯ ಕೊನೆಯ ಎಳೆ ಇಂಥವೆಲ್ಲ ಅದರಿಂದಲೇ ಬರುವುದು. ಹಗಲೆಲ್ಲ ಬೇರೆಯವರ ಕೆಲಸ ಮಾಡಿ, ಶುಕ್ರವಾರ ನಮಾಜಿನ ನಂತರದ ರಜೆಯಲ್ಲಿ ಮಾತ್ರ ಇದಕ್ಕೆ ಕೈ ಹಾಕುತ್ತಿದ್ದರು. ಎಂಟು ತಿಂಗಳಾಯಿತು. ಚೆನ್ನಾಗಿ ಬಂದರೆ ಹೊಸ ಮನೆಗೆ ಇಂಥದೇ ಒಂದು ಜೊತೆ ಬೇಕೆಂದು ತೋಟದವರು ಮೊದಲೇ ಹೇಳಿಟ್ಟಿದ್ದರು.

ಅವರ ಮನೆಯಲ್ಲಿ ಕೂಡುವ ಮೊದಲ ಭಾನುವಾರ ಅದು. ಅಂಗಡಿಯ ಹಿಂದೆಯೇ ಮನೆ. ನಡುಮನೆ ಗುಡಿಸಿ ಹೊಸ ಚಾಪೆ ಹಾಸಿದ್ದರು. ತೋಟದವರು ಹೆಂಡತಿಯನ್ನು ಕರೆದುಕೊಂಡು ಬಂದಿದ್ದರು. ಡೇರಿಯವರು ಮಾಲೂರಿಗೆ ಬಂದು, ಎರಡು ಬಸ್ಸು ಬದಲಿಸಿ ಬಂದಿದ್ದರು. ಸಾಹೇಬರ ಹೆಂಡತಿ ಒಳಬಾಗಿಲಲ್ಲಿ ನಿಂತಿದ್ದರು. ಪೆಟ್ಟಿಗೆಗಳು ನೋಡಲು ಎಷ್ಟು ಚೆಂದವಿದ್ದವೆಂದರೆ ನಾನು ಹೋಗಿ ಮೊದಲು ಕೈಯಿಂದ ಸವರಿದೆ. ಮೂಲೆಗಳಲ್ಲಿ ಎಲ್ಲಿ ಜೋಡಿಸಿದ್ದಾರೆಂದೇ ಕಾಣುತ್ತಿರಲಿಲ್ಲ.

ಅವರು ಸಂತೂರಿನ ಆಲ್ಬಂ ಹಾಕಿದರು. ನಾನು ಕಣ್ಣು ಮುಚ್ಚಿ ಕೇಳಿದೆ. ಮುಗಿದಾಗ ಎಲ್ಲರೂ ನನ್ನ ಕಡೆ ನೋಡಿದರು.

"ಮರದ ಕೆಲಸಕ್ಕೆ ಎರಡು ಮಾತಿಲ್ಲ ಸಾಹೇಬ್ರೆ," ಎಂದೆ. "ಆದ್ರೆ ಶಬ್ದಕ್ಕೆ ಕಂಬಳಿ ಹೊದಿಸಿದ ಹಾಗಿದೆ. ತಂತಿ ಮೇಲೆ ಕೋಲು ಬೀಳೋದು ಕೇಳಿಸ್ತಿದೆ, ತಂತಿ ಮಿನುಗೋದು ಕೇಳಿಸ್ತಿಲ್ಲ."

"ಮಿನುಗೋದು ನಂಗೆ ಕೇಳಿಸ್ತಿದೆಯಲ್ಲ ಮೇಡಂ," ಎಂದರು ಅವರು. ಮರುಕ್ಷಣವೇ ತಾವೇ ತಲೆ ಅಲ್ಲಾಡಿಸಿ, "ಇರ್ಲಿ, ದಿನಾ ಕೇಳಿ ಕೇಳಿ ನಂಗೆ ಅಭ್ಯಾಸ ಆಗಿರ್ಬೇಕು," ಎಂದರು.

ಆಗಲಾದರೂ ನಾನು ಬೇರೆಯವರನ್ನು ಕೇಳಬಹುದಿತ್ತು. ಕೇಳಲಿಲ್ಲ. ತೋಟದವರ ಹೆಂಡತಿ ಏನೋ ಹೇಳಲು ಬಾಯಿ ತೆರೆದದ್ದನ್ನು ನೋಡಿದೆ. ತೋಟದವರು ಆಕೆಯ ಕೈ ಮುಟ್ಟಿ ಸುಮ್ಮನಾಗಿಸಿದ್ದನ್ನೂ ನೋಡಿದೆ. ಡೇರಿಯವರು ಹೌದು ಹೌದು, ಟೀಚರ್ ಹೇಳಿದ ಮೇಲೆ ನನಗೂ ಹಾಗೇ ಅನಿಸುತ್ತಿದೆ ಎಂದರು. ನಾನು ಒಳಗಿನ ಸರ್ಕ್ಯೂಟಿನಲ್ಲಿ ಏನೇನು ಬದಲಿಸಬೇಕೆಂದು ಒಂದು ಚೀಟಿಯಲ್ಲಿ ಬರೆದುಕೊಟ್ಟೆ, ಮಕ್ಕಳ ಉತ್ತರಪತ್ರಿಕೆ ತಿದ್ದಿದ ಹಾಗೆ.

ಎರಡು ತಿಂಗಳ ಮೇಲೆ ಅವರು ಬದಲಿಸಿದ್ದನ್ನು ಕೇಳಲು ನಾನೂ ನನ್ನ ಗಂಡನೂ ಹೋದೆವು. ಸ್ವಲ್ಪ ಪರವಾಗಿಲ್ಲ, ಇನ್ನೂ ಸಾಲದು ಎಂದೆ. ಅವರು ಟ್ವೀಟರನ್ನೇ ಬೇರೆ ಹಾಕಿದರು. ಮೂರನೆಯ ಸಲ ಮತ್ತೆ ಎಲ್ಲರೂ ಸೇರಿದೆವು. ಅದೇ ಸಂತೂರ್ ಹಾಕಿದಾಗ, ಮೊದಲ ಬಾರಿಗೆ, ನನಗೆ ತಂತಿಗಳು ಮಿನುಗುವುದು ಕೇಳಿಸಿತು. ಸಂತೋಷದಿಂದ ಮೈ ಝುಂ ಎಂದಿತು. ಒಳಬಾಗಿಲಲ್ಲಿ ನಿಂತಿದ್ದ ಸಾಹೇಬರ ಹೆಂಡತಿ "ಕಾನಾಂ ದುಖ್ ರೈಂ ಜೀ" ಎಂದು ಗಂಡನಿಗೆ ಮೆಲ್ಲಗೆ ಹೇಳಿ ಅಡುಗೆಮನೆಗೆ ಹೋಗಿಬಿಟ್ಟರು. ಕಿವಿ ನೋಯ್ತಿದೆ ಅಂದದ್ದು. ಕೋಲಾರದಲ್ಲಿ ಹುಟ್ಟಿ ಬೆಳೆದ ನನಗೆ ಅಷ್ಟು ದಖನಿ ಗೊತ್ತಾಗುತ್ತದೆ. ಪಾಪ, ಆಕೆಗೆ ಒಳ್ಳೆಯ ಶಬ್ದದ ರೂಢಿ ಇಲ್ಲ ಎಂದುಕೊಂಡೆ. ಇದನ್ನು ಬರೆಯುವಾಗ ಕೈ ತಡೆಯುತ್ತದೆ. ಆದರೆ ನಾನು ಅಂದುಕೊಂಡದ್ದು ಅದೇ.

"ಈಗ ಸರಿಯಾಯ್ತು ನೋಡಿ," ಎಂದೆ.

ಸಾಹೇಬರು ನನಗೆ ಕೈ ಮುಗಿದರು.

ಆಮೇಲೆ ತೋಟದವರು ತಮ್ಮ ಮನೆಗೆ ಬೇಕೆಂದಿದ್ದ ಜೊತೆಯ ಮಾತೇ ಎತ್ತಲಿಲ್ಲ. ವೈರಿಂಗ್ ಮುಗಿದಿಲ್ಲ, ಬಣ್ಣ ಆಗಿಲ್ಲ ಎನ್ನುತ್ತ ಮುಂದೂಡಿದರು. ಸಾಹೇಬರು ಒಂದೆರಡು ಭಾನುವಾರ ಬಂದು ಆಮೇಲೆ ಬರುವುದು ನಿಲ್ಲಿಸಿದರು. ಮಾಡ್ಯುಲರ್ ಕಿಚನ್ ಕೆಲಸ ಜಾಸ್ತಿ ಬಂದಿದೆಯಂತೆ ಎಂದು ಡೇರಿಯವರು ಹೇಳಿದರು. ನಾನು ಹೆಚ್ಚೇನೂ ಯೋಚಿಸಲಿಲ್ಲ.

ಅದೇ ವರ್ಷ ಒಂಬತ್ತನೆಯ ತರಗತಿಗೆ ಶಬ್ದದ ಪಾಠ ಮಾಡಬೇಕಾಗಿ ಬಂತು. ಮನುಷ್ಯನ ಕಿವಿಗೆ ಇಪ್ಪತ್ತರಿಂದ ಇಪ್ಪತ್ತು ಸಾವಿರ ಹರ್ಟ್ಸ್‌ವರೆಗಿನ ಶಬ್ದ ಕೇಳಿಸುತ್ತದೆ ಎಂದು ಇಷ್ಟು ವರ್ಷವೂ ಬೋರ್ಡಿನ ಮೇಲೆ ಬರೆದು ಮುಗಿಸುತ್ತಿದ್ದೆ. ಈ ಸಲ ಮೊಬೈಲಿನಲ್ಲಿ ಅಂಥ ಶಬ್ದ ಹೊರಡಿಸುವ ಒಂದು ಆ್ಯಪ್ ಸಿಕ್ಕಿತ್ತು. ಶಾಲೆಯ ಸಣ್ಣ ಸ್ಪೀಕರಿಗೆ ಜೋಡಿಸಿ, ಕೇಳಿಸುವವರೆಗೆ ಕೈ ಎತ್ತಿರಬೇಕು, ಕೇಳಿಸದಿದ್ದಾಗ ಇಳಿಸಬೇಕು ಎಂದು ಮಕ್ಕಳಿಗೆ ಹೇಳಿದೆ. ಸಂಖ್ಯೆ ಏರುತ್ತ ಹೋಯಿತು. ಐದು ಸಾವಿರ ದಾಟಿದ ಮೇಲೆ ಶಬ್ದ ನಿಂತುಹೋಯಿತು. ಪರದೆಯ ಮೇಲೆ ಸಂಖ್ಯೆ ಮಾತ್ರ ಏರುತ್ತಿತ್ತು. ತಲೆ ಎತ್ತಿ ನೋಡಿದರೆ ಒಂದು ಕೈಯೂ ಇಳಿದಿರಲಿಲ್ಲ.

ಹುಡುಗರು ತಮಾಷೆ ಮಾಡುತ್ತಿದ್ದಾರೆ ಎನಿಸಿತು. ಮುಂದಿನ ಬೆಂಚಿನಲ್ಲಿ ಒಬ್ಬ ಹುಡುಗಿ, ಎಂದೂ ತಂಟೆ ಮಾಡದವಳು, ಒಂದು ಕೈ ಎತ್ತಿಕೊಂಡು ಇನ್ನೊಂದರಿಂದ ಕಿವಿ ಮುಚ್ಚಿಕೊಂಡಿದ್ದಳು. ಕೈ ಇಳಿಸು ಎಂದೆ.

"ಇನ್ನೂ ಕೇಳಿಸ್ತಿದೆ ಮಿಸ್, ಕಿವಿ ಚುಚ್ತಿದೆ," ಎಂದಳು.

"ಸುಳ್ಳು ಹೇಳ್ಬೇಡ. ಕೂತ್ಕೋ," ಎಂದು ಜೋರು ಮಾಡಿದೆ. ಅವಳ ಕಣ್ಣು ತುಂಬಿಕೊಂಡಿತು. ಉಳಿದ ಕೈಗಳೆಲ್ಲ ಒಟ್ಟಿಗೆ ಇಳಿದವು. ಸ್ಪೀಕರು ಕೆಟ್ಟಿದೆ ಎಂದು ಹೇಳಿ ಬೇರೆ ಪಾಠ ಮಾಡಿದೆ. ಸ್ಟಾಫ್ ರೂಮಿಗೆ ಬಂದು, ಹೊಸದಾಗಿ ಕೆಲಸಕ್ಕೆ ಸೇರಿದ್ದ ಗಣಿತದ ಟೀಚರಿಗೆ ಸ್ಪೀಕರು ಪರೀಕ್ಷಿಸಿ ಕೊಡಿ ಎಂದೆ. ಆಕೆ ಎಂಟು ಸಾವಿರಕ್ಕೆ ಇಟ್ಟು, ಮುಖ ಕಿವುಚಿ, ಚೆನ್ನಾಗೇ ಬರ್ತಿದೆಯಲ್ಲ ಮೇಡಂ, ನಿಲ್ಸಿ ಎಂದರು. ನನಗೆ ಫ್ಯಾನು ತಿರುಗುವ ಸದ್ದು ಮಾತ್ರ ಕೇಳಿಸುತ್ತಿತ್ತು.

ಆ ವಾರವೇ ಮನೆಯಲ್ಲಿ ಹೇಳದೆ ಕಿವಿಯ ಪರೀಕ್ಷೆಗೆ ಹೋದೆ. ಪರೀಕ್ಷೆ ಮಾಡುವಾಕೆಗೆ ಇಪ್ಪತ್ತಾರು ಇಪ್ಪತ್ತೇಳು ವಯಸ್ಸಿರಬೇಕು. ಗಾಜಿನ ಕಿಟಕಿಯಿದ್ದ ಒಂದು ಸಣ್ಣ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಶಬ್ದ ಕೇಳಿಸಿದಾಗಲೆಲ್ಲ ಗುಂಡಿ ಒತ್ತಲು ಹೇಳಿದಳು. ಮೊದಮೊದಲು ಚಕಚಕನೆ ಒತ್ತಿದೆ. ಆಮೇಲೆ ತುಂಬ ಹೊತ್ತು ಏನೂ ಬರಲಿಲ್ಲ. ಯಂತ್ರ ನಿಲ್ಲಿಸಿದ್ದಾಳೆಂದುಕೊಂಡು ಗಾಜಿನಾಚೆ ನೋಡಿದರೆ, ಅವಳ ಬೆರಳು ಇನ್ನೂ ಆಡುತ್ತಲೇ ಇತ್ತು.

ಅವಳು ಕೊಟ್ಟ ಹಾಳೆಯಲ್ಲಿ ಗೆರೆ ಎಡದಲ್ಲಿ ನೆಟ್ಟಗಿದ್ದು ಬಲಕ್ಕೆ ಹೋಗುತ್ತ ಕೆರೆಯ ಏರಿಯಿಂದ ಇಳಿದ ಹಾಗೆ ಇಳಿದುಹೋಗಿತ್ತು. ಇದು ನಿನ್ನೆ ಮೊನ್ನೆಯದಲ್ಲ, ಹಲವು ವರ್ಷದಿಂದ ನಿಧಾನವಾಗಿ ಆದದ್ದು ಎಂದಳು. ಮಾತು ಅರ್ಥವಾಗುವುದರಿಂದ ತುಂಬ ಜನಕ್ಕೆ ಗೊತ್ತೇ ಆಗುವುದಿಲ್ಲವಂತೆ. ಜೀರುಂಡೆ ಸದ್ದು ಕೇಳಿಸುತ್ತದೆಯೇ ಎಂದು ಕೇಳಿದಳು. ಬಡಾವಣೆಗಳು ಬಂದ ಮೇಲೆ ಕೋಲಾರದಲ್ಲಿ ಜೀರುಂಡೆಗಳೇ ಇಲ್ಲವಾದವೆಂದು ನಾನು ಶಾಲೆಯ ಪರಿಸರ ದಿನಾಚರಣೆಯಲ್ಲಿ ಹತ್ತು ನಿಮಿಷ ಭಾಷಣ ಮಾಡಿದ್ದೆ. ಹಿಂದಿನ ಬೆಂಚಿನ ಮಕ್ಕಳು ಈಚೆಗೆ ಗೊಣಗುತ್ತಾರೆ, ಸ್ಪಷ್ಟವಾಗಿ ಮಾತಾಡುವುದಿಲ್ಲ ಎಂದು ಪೋಷಕರ ಸಭೆಯಲ್ಲಿ ದೂರಿದ್ದೆ. ಮನೆಯ ಆಂಪ್ಲಿಫೈಯರಿನಲ್ಲಿ ಚೂಪು ಶಬ್ದ ಏರಿಸುವ ಟ್ರೆಬಲ್ ಗುಂಡಿಯನ್ನು ಪೂರ್ತಿ ಬಲಕ್ಕೆ ತಿರುಗಿಸಿಟ್ಟು, ಬಂದವರಿಗೆಲ್ಲ ಇದೇ ಸರಿಯಾದ ಶಬ್ದ ಎಂದು ಪಾಠ ಹೇಳಿದ್ದೆ. ಎಲ್ಲ ಒಂದೊಂದಾಗಿ ಬಂದು ನನ್ನೆದುರು ನಿಂತವು. ಕೊನೆಗೆ ಆ ತೇಗದ ಪೆಟ್ಟಿಗೆಗಳು ಬಂದವು. ಮೊದಲ ದಿನ ಅವು ಸರಿಯಾಗಿದ್ದವು. ನಾನು ಅವನ್ನು ನನ್ನ ಕಿವುಡಿಗೆ ತಕ್ಕ ಹಾಗೆ ಕೆಡಿಸಿದ್ದೆ.

ಇಷ್ಟೇ ಆಗಿದ್ದರೆ ಗೊತ್ತಿಲ್ಲದೆ ಆದ ತಪ್ಪು ಎನ್ನಬಹುದಿತ್ತು. ಹಾಳೆಯನ್ನು ಮಡಚಿ ಬೀರುವಿನಲ್ಲಿ ವಿಮೆಯ ಕಾಗದಗಳ ಕೆಳಗಿಟ್ಟೆ. ಗಂಡನಿಗೂ ಹೇಳಲಿಲ್ಲ. ಐದು ತಿಂಗಳು ಹಾಗೇ ಇದ್ದೆ. ಭಾನುವಾರಗಳಿಗೆ ತಪ್ಪದೆ ಹೋದೆ. ಅಭಿಪ್ರಾಯ ಹೇಳುವುದನ್ನೂ ಬಿಡಲಿಲ್ಲ. ಈಗ ಕಣ್ಣು ಮುಚ್ಚದೆ, ಡೇರಿಯವರ ಹುಬ್ಬನ್ನು ನೋಡುತ್ತ ಕೂರುತ್ತಿದ್ದೆ. ಹುಬ್ಬು ಗಂಟಾದರೆ ಶಬ್ದ ಸ್ವಲ್ಪ ಚೂಪಾಯಿತು ಎನ್ನುತ್ತಿದ್ದೆ. ಅವರ ತಲೆ ತೂಗಿದರೆ ಇಲ್ಲಿ ಚೆನ್ನಾಗಿ ಬಿಡಿಸಿಕೊಂಡು ಬರುತ್ತಿದೆ ಎನ್ನುತ್ತಿದ್ದೆ. ಅವರು ಆಶ್ಚರ್ಯದಿಂದ, ನನ್ನ ಮನಸ್ಸಿನಲ್ಲಿದ್ದದ್ದನ್ನೇ ಹೇಳಿದಿರಿ ಎನ್ನುತ್ತಿದ್ದರು. ಟೀಚರ್ ಕಿವಿಯ ಹೆಸರು ಆ ಐದು ತಿಂಗಳಲ್ಲಿ ಹೆಚ್ಚೇ ಆಯಿತು.

ಹೀಗಿರುವಾಗ ಮಾಸ್ತಿಯಲ್ಲಿ ಕೂಡಿದ ದಿನ ತೋಟದವರು, ಹೊಸ ಮನೆ ಮುಗಿಯಿತು, ಬೆಂಗಳೂರಿಗೆ ಹೋಗಿ ಸ್ಪೀಕರು ತರಬೇಕು, ನೀವೇ ಬಂದು ಆರಿಸಿಕೊಡಬೇಕು ಎಂದರು. ಭಾಯ್ ಮಾಡಿದ್ದನ್ನೇ ಯಾಕೆ ತೆಗೆದುಕೊಳ್ಳಬಾರದು ಎಂದು ಡೇರಿಯವರು ಕೇಳಿದರು.

"ಅಯ್ಯೋ, ಭಾಯ್ ಆ ಕೆಲ್ಸಾನೇ ಬಿಟ್ಬಿಟ್ಟ," ಎಂದರು ತೋಟದವರು. "ಟೀಚರ್ ಎರಡೆರಡು ಸಲ ತಿದ್ಬೇಕಾಯ್ತು. ಪಾಪ, ಆತನ ಕಿವೀಲೇ ಏನೋ ಲೋಪ ಕದಾ, ಅಲ್ವಾ."

ನಾನು ಸುಮ್ಮನೆ ಕೂತಿದ್ದೆ. ಬೆಂಗಳೂರಿಗೆ ಬರುತ್ತೇನೆಂದೂ ಒಪ್ಪಿಕೊಂಡೆ. ಬಸ್ಸಿನಲ್ಲಿ ಮಾಲೂರು ಬರುವವರೆಗೆ ಕಿಟಕಿ ಕಡೆ ಮುಖ ತಿರುಗಿಸಿಕೊಂಡು ಕೂತಿದ್ದೆ. ಅವತ್ತು ಸಂಜೆ ಬೀರು ತೆಗೆದು, ಹಾಳೆಯನ್ನು ಗಂಡನ ಕೈಗೆ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ನೋಡಿದರು. ಅವರಿಗೆ ಅಂಥ ಆಶ್ಚರ್ಯವೇನೂ ಆಗಲಿಲ್ಲ. ಟ್ರೆಬಲ್ ಗುಂಡಿಯ ವಿಷಯ ಹೇಳಿದಾಗ ಮಾತ್ರ ತಲೆ ತಗ್ಗಿಸಿದರು.

"ನೀನು ಅಡುಗೆಮನೆಗೆ ಹೋದಾಗ ತಗ್ಗಿಸ್ತಿದ್ದೆ ಕಣೇ," ಎಂದರು. "ಬರೋಷ್ಟರಲ್ಲಿ ಮತ್ತೆ ಏರಿಸಿಡ್ತಿದ್ದೆ."

ಯಾಕ್ರೀ ಹೇಳಲಿಲ್ಲ ಎಂದು ಕೇಳಿದೆ. ನೀನು ಅಷ್ಟು ಖುಷಿಯಾಗಿ ಕೂತಿರುತ್ತಿದ್ದೆ, ಏನಂತ ಹೇಳಲಿ ಎಂದರು.

ಮುಂದಿನ ಶನಿವಾರ ಶಾಲೆ ಅರ್ಧ ದಿನ. ನೇರ ಬಸ್ ಸ್ಟ್ಯಾಂಡಿಗೆ ಹೋಗಿ ಮುಳಬಾಗಿಲಿನ ಬಸ್ಸು ಹತ್ತಿದೆ. ಗಂಡ ಜೊತೆಗೆ ಬರುತ್ತೇನೆಂದರು, ಬೇಡವೆಂದೆ. ಸಾಹೇಬರು ಅಂಗಡಿಯಲ್ಲಿ ಅಡುಗೆಮನೆಯ ಕಪಾಟಿಗೆ ಕೀಲು ಕೂರಿಸುತ್ತಿದ್ದರು. ನನ್ನನ್ನು ನೋಡಿ ಎದ್ದು, ಕುರ್ಚಿ ಒರೆಸಿ ಹಾಕಿ, ಒಳಗೆ ಚಾಯ್ ಹೇಳಿದರು. ಕೂತ ಮೇಲೆ ಗೋಡೆಯ ಕಡೆ ಕಣ್ಣು ಹೋಯಿತು. ತೇಗದ ಪೆಟ್ಟಿಗೆಗಳೆರಡೂ ಅಲ್ಲಿದ್ದವು. ಸ್ಪೀಕರುಗಳನ್ನು ಬಿಚ್ಚಿ ತೆಗೆದಿದ್ದರು. ದೊಡ್ಡ ತೂತಿನೊಳಗೆ ಮರಳು ಕಾಗದದ ಸುರುಳಿಗಳು, ಸಣ್ಣ ತೂತಿನಲ್ಲಿ ಸಿಕ್ಕಿಸಿದ ಪೆನ್ಸಿಲ್ಲುಗಳು.

ನಾನು ಹಾಳೆ ತೆಗೆದು ಅವರ ಮುಂದಿಟ್ಟೆ. ಗೆರೆಯ ಅರ್ಥ ಹೇಳಿದೆ. ಮೊದಲ ಸಲ ನೀವು ಮಾಡಿದ್ದೇ ಸರಿಯಾಗಿತ್ತು, ನನಗೆ ಕೇಳಿಸದೆ ನಿಮ್ಮದರಲ್ಲಿ ತಪ್ಪು ಹುಡುಕಿದೆ ಎಂದೆ. ಗೊತ್ತಾಗಿ ಐದು ತಿಂಗಳಾಯಿತು, ಹೇಳಲು ಧೈರ್ಯ ಬರಲಿಲ್ಲ ಎಂಬುದನ್ನೂ ಹೇಳಿದೆ. ಅದನ್ನು ಬಿಟ್ಟುಬಿಡಬಹುದೆಂದು ಬಸ್ಸಿನಲ್ಲಿ ಅಂದುಕೊಂಡಿದ್ದೆ. ಅವರ ಮುಖ ನೋಡಿದ ಮೇಲೆ ಆಗಲಿಲ್ಲ.

ಅವರು ಹಾಳೆಯನ್ನು ತುಂಬ ಹೊತ್ತು ನೋಡಿದರು. ಬೈಯುತ್ತಾರೆ, ಇಲ್ಲವೇ ಹೋಗಲಿ ಬಿಡಿ ಎನ್ನುತ್ತಾರೆ ಎಂದು ಕಾದೆ. ಎರಡೂ ಆಗಲಿಲ್ಲ.

"ನನ್ ಹೆಂಡ್ತಿ ಅವತ್ತೇ ಹೇಳಿದ್ಳು, ಮೊದ್ಲಿಂದೇ ಚೆನ್ನಾಗಿತ್ತು ಅಂತ," ಎಂದರು. "ನಿಂಗೇನ್ ಗೊತ್ತು, ಮೇಡಂ ಸೈನ್ಸ್ ಓದಿದೋರು ಅಂತ ಅವಳ ಮೇಲೇ ರೇಗಿದ್ದೆ. ನನ್ ಕಿವೀನ ನಾನು ನಂಬ್ಲಿಲ್ಲ. ಅದು ನನ್ ತಪ್ಪು."

ನಿಮ್ಮದೇನೂ ತಪ್ಪಿಲ್ಲ ಎಂದೆ.

"ಇರ್ಲಿ ಮೇಡಂ. ಅವತ್ತು ನೀವು ಎಲ್ರ ಮುಂದೆ ಹೇಳಿದ್ರಿ. ಇವತ್ತು ನಂಗೊಬ್ಬಂಗೇ ಬಂದು ಹೇಳ್ತಿದೀರಿ."

ಚಾಯ್ ಬಂತು. ತಂದಿಟ್ಟವರು ಅವರ ಹೆಂಡತಿ. ಅವರ ಮುಖ ನೋಡಲು ನನ್ನಿಂದಾಗಲಿಲ್ಲ. ಕುಡಿದು ಎದ್ದೆ. ಸಾಹೇಬರು ಬಸ್ ಸ್ಟ್ಯಾಂಡಿನವರೆಗೆ ಆಟೋ ಹಿಡಿದುಕೊಟ್ಟರು, ಮರ್ಯಾದೆಗೆ ಏನೂ ಕಡಿಮೆಯಾಗಲಿಲ್ಲ. ಆದರೆ ಮತ್ತೆ ಬನ್ನಿ ಎನ್ನಲಿಲ್ಲ.

ನಮ್ಮ ವಾಟ್ಸಾಪ್ ಗುಂಪಿನಲ್ಲಿ ಬರೆದುಬಿಡೋಣವೆಂದು ಮೊದಲು ಪ್ರಯತ್ನಿಸಿದೆ. 'ಈಚೆಗೆ ನನಗೆ ಸ್ವಲ್ಪ ಕಿವಿಯ ತೊಂದರೆ' ಎಂದು ಬರೆದೆ. ಓದಿದರೆ ಅದೂ ಒಂದು ಸುಳ್ಳೇ. ಈಚೆಗೂ ಅಲ್ಲ, ಸ್ವಲ್ಪವೂ ಅಲ್ಲ. ಅಳಿಸಿದೆ. ಯಲ್ದೂರಿನ ಹೊಸ ಮನೆಯಲ್ಲಿ ಮುಂದಿನ ಭಾನುವಾರ ಕೂಡಿದಾಗ, ಇನ್ನೂ ಯಾರೂ ಆಲ್ಬಂ ಚೀಲದಿಂದ ತೆಗೆಯುವ ಮುಂಚೆ, ನಿಂತುಕೊಂಡು ಹೇಳಿದೆ.  ಡೇರಿಯವರ ಹುಬ್ಬು ನೋಡಿ ಅಭಿಪ್ರಾಯ ಹೇಳುತ್ತಿದ್ದದ್ದನ್ನೂ ಹೇಳಿದೆ. ಅವರು ಕೈಯಿಂದ ಹುಬ್ಬು ಮುಟ್ಟಿಕೊಂಡರು.

ತೋಟದವರು ನಗಲು ನೋಡಿ, ನಗಲಾರದೆ, ವಯಸ್ಸಾದ ಮೇಲೆ ಎಲ್ಲರಿಗೂ ಆಗುವುದೇ ಅಲ್ಲವೇ ಎಂದರು. ಡೇರಿಯವರು ಬಹಳ ಸಂಕೋಚದಿಂದ, ನಿಮ್ಮ ಮನೆಗೆ ಬರುವಾಗ ನಾನು ಜೇಬಿನಲ್ಲಿ ಹತ್ತಿ ಇಟ್ಟುಕೊಂಡು ಬರುತ್ತಿದ್ದೆ ಎಂದರು. ತೋಟದವರ ಹೆಂಡತಿ ಒಬ್ಬರೇ ನೇರವಾಗಿ ಮಾತಾಡಿದ್ದು.

"ಆವತ್ತು ಮುಳಬಾಗ್ಲಲ್ಲಿ ನಂಗೆ ಅಳು ಬರೋಷ್ಟು ಚೆನ್ನಾಗಿ ಕೇಳಿಸ್ತು ಟೀಚರ್," ಎಂದರು. "ಹೇಳೋಕೆ ಹೋದೆ, ಇವ್ರು ಕೈ ಹಿಡ್ಕೊಂಡ್ರು."

ತೋಟದವರು ಹೆಂಡತಿಯ ಕಡೆ ನೋಡಲಿಲ್ಲ, ನನ್ನ ಕಡೆಯೂ ನೋಡಲಿಲ್ಲ. ಅವತ್ತು ಯಾರೂ ಏನೂ ಹಾಕಲಿಲ್ಲ, ಬೆಂಗಳೂರಿನ ಸ್ಪೀಕರಿನ ಮಾತನ್ನೂ ಎತ್ತಲಿಲ್ಲ. ಊಟ ಹಾಕಿ, ಒಂದು ಬುಟ್ಟಿ ಮಾವಿನಕಾಯಿ ಕೊಟ್ಟು ಕಳಿಸಿದರು.

ಶಾಲೆಯಲ್ಲೂ ಹೇಳಬೇಕಿತ್ತು. ಹಾಳೆಯ ಗೆರೆಯನ್ನು ಬೋರ್ಡಿನ ಮೇಲೆ ಬರೆದು, ಇದು ನನ್ನ ಕಿವಿ, ಆ ದಿನ ಸ್ಪೀಕರು ಕೆಟ್ಟಿರಲಿಲ್ಲ, ನಿಮ್ಮಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ ಎಂದೆ. ಆ ಹುಡುಗಿಯ ಹೆಸರು ಹಿಡಿದು ಕ್ಷಮೆ ಕೇಳಿದೆ. ಅವಳು ಗಾಬರಿಯಿಂದ ಎದ್ದು ನಿಂತು, ಅದನ್ನೆಲ್ಲ ನೋಟ್ಸಿನಲ್ಲಿ ಬರೆದುಕೊಳ್ಳಬೇಕೇ, ಪರೀಕ್ಷೆಗೆ ಬರುತ್ತದೆಯೇ ಎಂದು ಕೇಳಿದಳು. ಬರುವುದಿಲ್ಲ, ಕೂತ್ಕೋ ಎಂದೆ. ಎರಡನೆಯ ಸಲ ಅವಳಿಗೆ ಕೂತ್ಕೋ ಎಂದದ್ದು ಅದು. ಸ್ವಲ್ಪ ಮೆತ್ತಗೆ ಬಂತು.

ಈಗ ನನ್ನ ಎರಡೂ ಕಿವಿಗೆ ಯಂತ್ರ ಬಂದಿದೆ. ತರಗತಿಗೆ ಬಹಳ ಅನುಕೂಲ. ಹಿಂದಿನ ಬೆಂಚಿನವರು ಗೊಣಗುವುದಿಲ್ಲ, ಅವರು ಆಡುವ ಮಾತುಗಳು ಕೇಳಿಸದಿದ್ದರೇ ವಾಸಿಯಿತ್ತು. ಸಂಗೀತಕ್ಕೆ ಮಾತ್ರ ಯಂತ್ರ ಸರಿಹೋಗಲಿಲ್ಲ. ವೀಣೆ ತಗಡಿನ ವೀಣೆಯಾಗುತ್ತದೆ. ತೆಗೆದಿಟ್ಟು ಕೇಳಿದರೆ ಹಳೆಯ ಕಂಬಳಿ. ಯಾವುದು ನಿಜವಾದ ಶಬ್ದ ಎಂದು ಯಾರಾದರೂ ಕೇಳಿದರೆ ಗೊತ್ತಿಲ್ಲ ಎನ್ನುತ್ತೇನೆ.

ಬೇಸಿಗೆ ರಜೆಯಲ್ಲಿ ತೋಟದವರು ಹೆಂಡತಿಯ ಜೊತೆ ಮುಳಬಾಗಿಲಿಗೆ ಹೋಗಿ, ತಮ್ಮ ಮನೆಗೆ ಸ್ಪೀಕರು ಮಾಡಿಕೊಡಲೇಬೇಕೆಂದು ಸಾಹೇಬರನ್ನು ಕೇಳಿದರಂತೆ. ನಾನು ಹೇಳಿ ಕಳಿಸಿದ್ದಲ್ಲ. ಆಕೆಯೇ ಹಟ ಹಿಡಿದು ಕರೆದುಕೊಂಡು ಹೋದದ್ದು ಎಂದು ಆಮೇಲೆ ಗೊತ್ತಾಯಿತು. ಸಾಹೇಬರು ಬಹಳ ಹೊತ್ತು ಯೋಚಿಸಿ, ಹಳೇ ಪೆಟ್ಟಿಗೆಗಳನ್ನೇ ಸರಿಮಾಡಿ ಕೊಡುತ್ತೇನೆ ಎಂದರಂತೆ. ಒಂದು ಮಾತು ಸೇರಿಸಿದರಂತೆ: ಮೊದಲ ಸಲ ಕೇಳುವಾಗ ಟೀಚರ್ ಬರುವುದು ಬೇಡ. ಇದನ್ನು ನನಗೆ ಫೋನಿನಲ್ಲಿ ಹೇಳುವ ಕೆಲಸ ಡೇರಿಯವರ ಪಾಲಿಗೆ ಬಂತು. ಅವರು ಮಳೆ, ರಾಗಿ, ಹಾಲಿನ ಫ್ಯಾಟು ಎಲ್ಲ ಮಾತಾಡಿ ಕೊನೆಗೆ ಹೇಗೋ ಹೇಳಿದರು. ಸಾಹೇಬರು ಹೇಳಿದ್ದು ನ್ಯಾಯವಾಗಿದೆ ಎಂದೆ. ಫೋನಿಟ್ಟ ಮೇಲೆ ಕೆನ್ನೆ ಸುಡುತ್ತಿತ್ತು.

ಕಳೆದ ಭಾನುವಾರ ಅವರೆಲ್ಲ ಮುಳಬಾಗಿಲಿನಲ್ಲಿ ಕೂಡಿದರು. ನಾನೂ ನನ್ನ ಗಂಡನೂ ನಡುಮನೆಯಲ್ಲಿ ಕೂತು ಒಂದು ರಾಶಿ ಹುರುಳಿಕಾಯಿ ನಾರು ತೆಗೆದೆವು. ಅವರು ಪಂದ್ಯ ನೋಡಲು ಹೋಗಬಹುದಿತ್ತು, ಹೋಗಲಿಲ್ಲ. ಮುಳಬಾಗಿಲಲ್ಲಿ ಹತ್ತು ಗಂಟೆಗೆ ಶುರುವಾಗಿರಬೇಕು ಎಂದೆ ಒಮ್ಮೆ. ಅವರು ಹ್ಞೂಂ ಎಂದರು. ಮಧ್ಯಾಹ್ನ ಎರಡು ಗಂಟೆಗೆ ಡೇರಿಯವರ ಫೋನು ಬಂತು. ತುಂಬ ಚೆನ್ನಾಗಿ ಬಂದಿದೆ, ಎರಡು ಸಲ ಹಾಕಿಸಿ ಕೇಳಿದೆವು, ಸಾಹೇಬರ ಹೆಂಡತಿಯೂ ಬಂದು ಕೂತಿದ್ದರು ಎಂದರು. ಹೇಗೆ ಕೇಳಿಸಿತು, ಮೇಲಿನ ತಂತಿ ಹೇಗಿತ್ತು ಎಂದು ಕೇಳಲು ನಾಲಗೆಯ ತುದಿಗೆ ಬಂತು. ಊಟ ಆಯಿತೇ ಎಂದು ಕೇಳಿದೆ. ಬಿರಿಯಾನಿ ಮಾಡಿದ್ದರಂತೆ. ತಾವು ಮಾಂಸ ತಿನ್ನದವರಾದ್ದರಿಂದ ಬೇರೆಯಾಗಿ ತಮಗೆಂದು ಬೇಳೆ ಸಾರು ಮಾಡಿದ್ದರು, ಎರಡು ಸಲ ಬಡಿಸಿಕೊಂಡೆ ಎಂದರು.